ಬೀಗರೂಟ ಉಂಡ ರೈಲ್ವೆ ಇಲಾಖೆ

ನರಿಬಂಡೆಹಳ್ಳಿಯ ಚನ್ನರಾಯಪ್ಪನವರು ಮೀಸೆ ಚಿಗುರುವ ವಯಸ್ಸಿನಲ್ಲಿ ಒಂದು ರೈಲನ್ನು ಮಜ್ಜಿಗೆಯಿಂದ ನಿಲ್ಲಿಸಿದರು. ಸೈನ್ಯದಿಂದ ರೈಲು ನಿಲ್ಲಿಸಿದವರುಂಟು, ಚಳವಳಿಯಿಂದ ನಿಲ್ಲಿಸಿದವರುಂಟು, ಹಳಿಯ ಮೇಲೆ ಅಡ್ಡ ಮಲಗಿ ನಿಲ್ಲಿಸಿದವರೂ ಉಂಟು. ಆದರೆ ಕಡೆದು ಬೆಣ್ಣೆ ತೆಗೆದ ನೀರುಮಜ್ಜಿಗೆಗೆ ಈ ಗೌರವ ದಕ್ಕಿದ್ದು ನರಿಬಂಡೆಹಳ್ಳಿಯಲ್ಲಿ ಮಾತ್ರ.

ಆಗ ಕೋಲಾರದಿಂದ ಶ್ರೀನಿವಾಸಪುರದ ಕಡೆಗೆ ಓಡುತ್ತಿದ್ದುದು ಸಣ್ಣ ಹಳಿಯ ಉಗಿಬಂಡಿ. 'ಓಡುತ್ತಿತ್ತು' ಎಂಬುದು ಇಲಾಖೆಯ ಮಾತು. ಕಂಡವರ ಪ್ರಕಾರ ಅದು ನಡೆಯುತ್ತಿತ್ತು. ಹಾಗಿದ್ದೂ ನರಿಬಂಡೆಹಳ್ಳಿಯಲ್ಲಿ ಮಾತ್ರ ಅದು ನಿಲ್ಲುತ್ತಿರಲಿಲ್ಲ. ಊರಿನವರು ಎಷ್ಟೋ ಬಾರಿ ಬೇಡಿಕೊಂಡು ಕೈಚೆಲ್ಲಿದ್ದರು. ತರುಣ ಚನ್ನರಾಯಪ್ಪನವರು ಬೇಡಲಿಲ್ಲ. ಬೇಸಿಗೆಯ ಉರಿಬಿಸಿಲಿನಲ್ಲಿ, ಬೆಂಕಿಯ ಮುಂದೆ ಬೇಯುತ್ತಿದ್ದ ಡ್ರೈವರನ ಎದುರಿಗೆ, ಹಳಿಯ ಪಕ್ಕದಲ್ಲಿ ಇಂಗು ಕರಿಬೇವು ಬಿದ್ದ ಮಜ್ಜಿಗೆಯ ಮಡಕೆ ಹಿಡಿದು ನಿಂತರು. ಮೊದಮೊದಲು ಡ್ರೈವರನು ನಕ್ಕು ಹೋದನು. ಆಮೇಲೆ ಕೈಚಾಚಿದನು, ಮಜ್ಜಿಗೆಯೆಲ್ಲ ಅಂಗಿಯ ಮೇಲೆ ಚೆಲ್ಲಿತು. ಅನಂತರ ವೇಗ ತಗ್ಗಿಸಿದನು. ಅರ್ಧ ಲೋಟ ಗಂಟಲಿಗಿಳಿಯಿತು. ಮಿಕ್ಕರ್ಧ ಲೋಟದ ಆಸೆ ಮನುಷ್ಯನನ್ನು ಏನು ತಾನೇ ಮಾಡಿಸುವುದಿಲ್ಲ? ಮಳೆಗಾಲ ಕಾಲಿಡುವ ಹೊತ್ತಿಗೆ ಬಂಡಿ ಪೂರ್ತಿ ನಿಲ್ಲತೊಡಗಿತು, ಜನ ಹತ್ತತೊಡಗಿದರು. ಹತ್ತಿದವರಿಗೆ ಟಿಕೆಟ್ಟು ಕೊಡಬೇಕಾದ ಇಕ್ಕಟ್ಟಿನಿಂದ ಇಲಾಖೆಯವರೇ ಬಂದು ಇಟ್ಟಿಗೆಯ ಒಂದು ಕೋಣೆ ಕಟ್ಟಿ 'ನರಿಬಂಡೆಹಳ್ಳಿ ಹಾಲ್ಟ್' ಎಂಬ ಹಲಗೆ ನೆಟ್ಟರು.

ಮುಂದೆ ಕಾಲ ಬದಲಾಯಿತು. ಸಣ್ಣ ಹಳಿ ಹೋಗಿ ದೊಡ್ಡ ಹಳಿ ಬಂತು. ಹೊಸ ಬಂಡಿಗೆ ಬೆಂಕಿಯೂ ಇಲ್ಲ, ಬಾಯಾರಿಕೆಯೂ ಇಲ್ಲ. ಅದು ನರಿಬಂಡೆಹಳ್ಳಿಯನ್ನು ಕಣ್ಣೆತ್ತಿಯೂ ನೋಡದೆ ಹೋಗತೊಡಗಿತು. ಹಲಗೆಯನ್ನು ಯಾರೋ ಹಸುವಿನ ಕೊಟ್ಟಿಗೆಗೆ ಬಾಗಿಲು ಮಾಡಿಕೊಂಡರು. ಇಟ್ಟಿಗೆಯ ಕೋಣೆ ಮಾತ್ರ, ಹಳೆಯ ವೈಭವಕ್ಕೆ ಸಾಕ್ಷಿಯಾಗಿ, ಮೇಕೆಗಳಿಗೆ ನೆರಳು ಕೊಡುತ್ತ ನಿಂತಿತ್ತು.

ಹೀಗಿರುವಲ್ಲಿ ದೆಹಲಿಯಲ್ಲಿ ಪಾರ್ಲಿಮೆಂಟು ರೈಲ್ವೆಯ ಕಾಯಿದೆಯನ್ನು ತಿದ್ದಿತು.

ಆ ಸುದ್ದಿ ನರಿಬಂಡೆಹಳ್ಳಿಯನ್ನು ತಲುಪಿದ್ದು ಬೆಳಗಿನ ಹಾಲಿನ ಡೈರಿಯಲ್ಲಿ. ಡೈರಿಯ ಕಾರ್ಯದರ್ಶಿ ಸೀನನು ಸಂಬಂಧದಲ್ಲಿ ಚನ್ನರಾಯಪ್ಪನವರ ಅಕ್ಕನ ಮಗ, ಸ್ವಭಾವದಲ್ಲಿ ಅವರ ಶತ್ರು. ಅವನು ಒಂದು ಕೈಯಲ್ಲಿ ಹಾಲಿನ ಸ್ಯಾಂಪಲ್ಲು, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಗಟ್ಟಿಯಾಗಿ ಓದಿದನು: ರೈಲನ್ನು ಆಧುನಿಕಗೊಳಿಸುವರಂತೆ, ವಿಸ್ತರಿಸುವರಂತೆ, ದೆಹಲಿಯವರ ಬಾಯಿ ಕಾಯದೆ ಆಯಾ ವಲಯದವರೇ ತೀರ್ಮಾನ ಮಾಡುವರಂತೆ.

“ಮಾವ, ನೀನು ರೈಲು ನಿಲ್ಲಿಸಿದೋನು. ಈ ಕಾಯ್ದೇಲಿ ನಮ್ಮೂರಿಗೆ ಏನೈತೆ ಹೇಳು ನೋಡೋಣ.”

ಕ್ಯಾನುಗಳನ್ನು ಹಿಡಿದು ನಿಂತ ಸಮಸ್ತ ಜನರೂ ಚನ್ನರಾಯಪ್ಪನವರ ಮುಖ ನೋಡಿದರು. 'ಗೊತ್ತಿಲ್ಲ' ಎಂಬುದು ಸಣ್ಣ ಪದ. ಆದರೆ ಹೆಗಲ ಮೇಲೆ ಜರಿಯ ಶಲ್ಯವಿರುವ ಮನುಷ್ಯನ ಬಾಯಿಂದ ಅದು ಸುಲಭವಾಗಿ ಹೊರಡುವುದಿಲ್ಲ.

“ಏನ್ಲಾ ಹಂಗಂದ್ರೆ? ನಮ್ಮೂರನ್ನ ಬಿಟ್ಟು ಕಾಯ್ದೆ ಮಾಡ್ತಾರಾ? ಐತೆ ಅದ್ರಲ್ಲಿ ನಮ್ಮೂರು.”

“ಯಾವ ಪುಟದಲ್ಲೈತೆ ಮಾವ?”

“ಹಿಂದುಗಡೆ ಪುಟದಲ್ಲಿ. ನಿನ್ನ ಫೋನಲ್ಲಿ ಮುಂದುಗಡೇದು ಮಾತ್ರ ಬರುತ್ತೆ.”

ಈ ಉತ್ತರ ಡೈರಿಯಿಂದ ಹಾಲಿನ ಲಾರಿಯಲ್ಲಿ ಕುಳಿತು ಊರೂರಿಗೆ ಹೊರಟಿತು. ಹಾಲಾದರೂ ದಾರಿಯಲ್ಲಿ ಕೆಡಬಹುದು; ಮಾತು ದಾರಿಯುದ್ದಕ್ಕೂ ಬೆಳೆಯುತ್ತದೆ. ಕ್ಯಾಲನೂರಿನಲ್ಲಿ ಅದು ರೈಲು ನಿಲ್ಲುತ್ತದೆ ಎಂಬುದಾಗಿತ್ತು. ಶ್ರೀನಿವಾಸಪುರ ಮುಟ್ಟುವಾಗ ನರಿಬಂಡೆಹಳ್ಳಿಯಿಂದ ಮಾವಿನಹಣ್ಣು ನೇರವಾಗಿ ದೆಹಲಿಗೆ ಹೋಗುತ್ತದೆ ಎಂಬಲ್ಲಿಗೆ ಬಂತು. ಮುಳಬಾಗಿಲಿನಲ್ಲಂತೂ ಅಲ್ಲಿಂದ ಆಂಧ್ರಕ್ಕೆ ಕವಲು ಹೊಡೆದು ಜಂಕ್ಷನ್ನೇ ಆಗಿಹೋಯಿತು. ಆ ಮುಳಬಾಗಿಲಿನಲ್ಲಿದ್ದ ಚನ್ನರಾಯಪ್ಪನವರ ದೂರದ ಬಂಧುವೊಬ್ಬರು ಅದೇ ವೇಳೆಗೆ ಅವರ ಮೊಮ್ಮಗಳು ಅರ್ಪಿತಳಿಗೆ ಸಂಬಂಧ ನೋಡುತ್ತಿದ್ದರು. ಮಾಲೂರಿನಲ್ಲಿ ಹೆಂಚು ಇಟ್ಟಿಗೆಯ ಕಾರ್ಖಾನೆಯುಳ್ಳ ವೆಂಕಟರಮಣಪ್ಪನವರ ಮನೆಗೆ ಹೋಗಿ ಅವರು ಹುಡುಗಿಯ ಗುಣ, ಓದು, ವೇಮಗಲ್ಲಿನ ಕಾರ್ಖಾನೆಯಲ್ಲಿ ಅವಳು ಮಾಡುತ್ತಿರುವ ಕೆಲಸ ಎಲ್ಲವನ್ನೂ ಹೇಳಿ, ಕೊನೆಗೆ, “ಹುಡುಗಿ ತಾತ ಕಾಯ್ದೇಲೇ ಊರಿನ ಹೆಸರು ಹಾಕ್ಸಿದೋರು” ಎಂದು ಸೇರಿಸಿದರು.

ವೆಂಕಟರಮಣಪ್ಪನವರು ಇಟ್ಟಿಗೆ ಸುಡುವವರು. ತಟ್ಟಿ ನೋಡದೆ ಯಾವುದನ್ನೂ ನಂಬುವವರಲ್ಲ. “ಬರೋ ಶುಕ್ರವಾರ ಬರ್ತೀವಿ. ಹುಡುಗೀನ ನಮ್ಮನೆಯೋಳು ಮುಳಬಾಗಿಲಿನ ಮದುವೇಲೇ ನೋಡಿ ಒಪ್ಪವ್ಳೆ. ನಾನು ಆ ಮನೆಯೋರ ಮಾತು ಗಟ್ಟಿಯೋ ಟೊಳ್ಳೋ ನೋಡ್ಬೇಕು” ಎಂದು ಹೇಳಿ ಕಳುಹಿಸಿದರು.

ಅದೇ ವಾರದಲ್ಲಿ ರೈಲ್ವೆ ಗೇಟಿನ ಕಾವಲುಗಾರನು ಉಸಿರುಗಟ್ಟಿ ಓಡಿಬಂದು ಚನ್ನರಾಯಪ್ಪನವರ ಜಗುಲಿಯ ಮುಂದೆ ನಿಂತನು.

“ಯಜಮಾನ್ರೇ, ಶುಕ್ರವಾರ ಯಾರೋ ದೊಡ್ಡ ಸಾಹೇಬ್ರು ಬರ್ತಾರಂತೆ. ಹಳೇ ಹಾಲ್ಟ್ ಜಾಗ ನೋಡೋಕಂತೆ.”

ಚನ್ನರಾಯಪ್ಪನವರು ಕಾಫಿ ಲೋಟವನ್ನು ಕೆಳಗಿಟ್ಟರು. ತಾವು ಹೇಳಿದ ಸುಳ್ಳು ತಮ್ಮ ಒಪ್ಪಿಗೆ ಪಡೆಯದೆಯೇ ನಿಜವಾಗಲು ಹೊರಟಿದ್ದನ್ನು ಕಂಡು ಅವರು ಒಂದು ಕ್ಷಣ ಬೆರಗಾದರು. ಮರುಕ್ಷಣವೇ ಅದು ಸುಳ್ಳಾಗಿತ್ತೆಂಬುದನ್ನು ಮರೆತರು.

“ನೋಡಿದ್ಯಾ ಸೀನ? ಹಿಂದುಗಡೆ ಪುಟ!”

ಜಗುಲಿಯ ತುದಿಯಲ್ಲೇ ಕುಳಿತಿದ್ದ ಸೀನನು ಸೋಲೊಪ್ಪುವ ಆಸಾಮಿಯಲ್ಲ. “ನೋಡೋಕೆ ಬರೋರು ನೋಡ್ಕೊಂಡು ಹೋಗ್ತಾರೆ ಅಷ್ಟೇ ಮಾವ. ನಿಂತ್ರೆ ಹೇಳು, ರೈಲು ನಿಂತ ದಿವಸ ನಾನು ಈ ಊರು ತುಂಬ ಪಾನಕ ಹಂಚ್ತೀನಿ. ನಿಲ್ಲದಿದ್ರೆ ನೀನು ಆ ರೈಲಿನ ಕಥೆ ಇನ್ನು ಜನ್ಮದಲ್ಲಿ ಹೇಳ್ಬಾರ್ದು.”

ಚನ್ನರಾಯಪ್ಪನವರಿಂದ ಹೊಲ ಕೇಳಬಹುದಾಗಿತ್ತು, ಹಸು ಕೇಳಬಹುದಾಗಿತ್ತು. ಆ ಪಾಪಿ ಕಥೆಯನ್ನೇ ಕೇಳಿದ್ದನು. ಆದರೂ ಅವರು ಶಲ್ಯ ಕೊಡವಿ, “ಆಯ್ತು ಕಣೋ” ಎಂದುಬಿಟ್ಟರು.

ಹೀಗೆ ಒಂದೇ ಶುಕ್ರವಾರ ಬೀಗರೂ ಸಾಹೇಬರೂ ಬರುವುದೆಂದು ನಿಶ್ಚಯವಾಯಿತು. ಚನ್ನರಾಯಪ್ಪನವರು ಕೆಲಸ ಹಂಚಿದರು. ಬೀಗರನ್ನು ಮನೆಯಲ್ಲಿ ಎದುರುಗೊಳ್ಳಲು ಪತ್ನಿ ಭಾರತಮ್ಮನವರು ಮತ್ತು ಅಕ್ಕ ದೊಡ್ಡಮುನಿಯಮ್ಮನವರು. ಸಾಹೇಬರನ್ನು ಹಾಲ್ಟಿನಲ್ಲಿ ಎದುರುಗೊಳ್ಳಲು ಹಾರ, ವಾಲಗ ಮತ್ತು ತಾವು.

“ಬೀಗರು ಯಾರ್ಯಾರು, ಹೆಸರೇನು ಅಂತ ಬಾಗಿಲಲ್ಲೇ ಶುರು ಮಾಡ್ಕೋಬೇಡಿ. ನಮ್ಮ ಮನೆ ಪದ್ಧತಿ ಗೊತ್ತಲ್ಲ?” ಎಂದು ಹೊರಡುವಾಗ ಎಚ್ಚರಿಸಿದರು.

ಆ ಪದ್ಧತಿ ಅವರ ಮುತ್ತಜ್ಜನ ಕಾಲದ್ದು: ಉಂಡ ಮೇಲೆ ಊರು ಕೇಳು. ಹೊಸ್ತಿಲು ದಾಟಿದವನಿಗೆ ಕಾಲಿಗೆ ನೀರು ಕೊಟ್ಟು, ಎಲೆ ಹಾಕಿ ಬಡಿಸಿ, ತಾಂಬೂಲ ಕೈಗಿಟ್ಟ ಮೇಲಷ್ಟೇ 'ತಾವು ಯಾರು, ಬಂದದ್ದೇನು' ಎಂದು ಕೇಳತಕ್ಕದ್ದು. ಅದಕ್ಕೆ ಮುಂಚೆ ಕೇಳಿದರೆ, ಬಂದವನ ಯೋಗ್ಯತೆ ತಿಳಿದು ಅನ್ನ ಹಾಕಿದಂತಾಗುತ್ತದೆ. ಅದು ಅನ್ನವಲ್ಲ, ವ್ಯಾಪಾರ. ಊರಿನ ಬೇರೆ ಮನೆಗಳು ಈ ಪದ್ಧತಿಯನ್ನು ಎಂದೋ ಬಿಟ್ಟಿದ್ದವು. ಚನ್ನರಾಯಪ್ಪನವರ ಮನೆಯಲ್ಲಿ ಮಾತ್ರ ಅದು ಹಿಪ್ಪುನೇರಳೆ ತೋಟದಷ್ಟೇ ಹಸಿರಾಗಿತ್ತು.

ಶುಕ್ರವಾರ ಹೊತ್ತೇರಿದಾಗ ಹಾಲ್ಟಿನ ಕೋಣೆಯ ಮುಂದೆ ಊರಿಗೆ ಊರೇ ನೆರೆದಿತ್ತು. ಮುನಿಗಂಗಮ್ಮ ಎಂಬಾಕೆ ಮುಂದಾಲೋಚನೆಯಿಂದ ಆಗಲೇ ಒಲೆ ಹೂಡಿ ಚಹಾ ಮಾರಲು ಕುಳಿತಿದ್ದಳು. ಆಗ ಸಫಾರಿ ಉಡುಪು ತೊಟ್ಟ ಸ್ಥೂಲಕಾಯದ ಹಿರಿಯರೊಬ್ಬರು ಒಬ್ಬ ತರುಣನೊಂದಿಗೆ ಹಳಿಯ ಪಕ್ಕದಲ್ಲಿ ನಡೆದು ಬಂದರು. ಕಾರನ್ನು ದೊಡ್ಡ ರಸ್ತೆಯಲ್ಲಿ ಬಿಟ್ಟು, 'ಸ್ಟೇಷನ್ ಎಲ್ಲಿ?' ಎಂದು ಕೇಳಿಕೊಂಡು ಬಂದಿದ್ದರು. ಬಂದವರು ಯಾರಿಗೂ ನಮಸ್ಕಾರ ಹೇಳಲಿಲ್ಲ. ನೇರವಾಗಿ ಕೋಣೆಯ ಬಳಿಗೆ ಹೋಗಿ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದರು, ಕಿವಿಯಿಟ್ಟು ಕೇಳಿದರು, ಒಂದು ಇಟ್ಟಿಗೆಯನ್ನು ಗೇಣಿನಿಂದ ಅಳೆದು ಉಗುರಿನಿಂದ ಕೆರೆದರು.

ಸಾಹೇಬರಲ್ಲದೆ ಮತ್ತಾರು ಹೀಗೆ ಮಾಡಿಯಾರು?

“ವಾಲಗ!” ಎಂದು ಚನ್ನರಾಯಪ್ಪನವರು ಕೂಗಿದರು. ವಾಲಗ ಮೊಳಗಿತು. ಮಾಲೂರಿನ ವೆಂಕಟರಮಣಪ್ಪನವರು ತಿರುಗುವಷ್ಟರಲ್ಲಿ ಸುಗಂಧರಾಜದ ಹಾರ ಕೊರಳಿಗೆ ಬಿದ್ದಿತ್ತು. ಹೆಣ್ಣಿನ ಕಡೆಯವರು ಬೀಗರಿಗೆ ಇಷ್ಟು ದೂರ ಬಂದು ವಾಲಗ ಊದಿಸಿದ್ದನ್ನು ಕಂಡು ಅವರ ಎದೆ ಉಬ್ಬಿತು.

“ತಾವು ಏನೂ ಹೇಳ್ಬೇಡಿ,” ಎಂದು ಚನ್ನರಾಯಪ್ಪನವರು ಕೈ ಮುಗಿದರು. “ನಮ್ಮಲ್ಲಿ ಊಟಕ್ಕೆ ಮುಂಚೆ ಕೇಳೋ ಪದ್ಧತಿ ಇಲ್ಲ. ನಾನು ಹೇಳ್ತೀನಿ, ತಾವು ನೋಡಿ. ಈ ಗೋಡೆ ನೋಡಿ.”

“ನೋಡ್ದೆ. ನಮ್ಮ ಮಾಲೂರು ಇಟ್ಟಿಗೆ. ಚೆನ್ನಾಗಿ ಸುಟ್ಟವ್ರೆ. ಇನ್ನೂ ಎರಡು ತಲೆಮಾರು ಅಲ್ಲಾಡಲ್ಲ.”

“ಕೇಳಿಸ್ಕೊಂಡ್ಯಾ ಸೀನ? ಗೋಡೆ ಅಲ್ಲಾಡಲ್ವಂತೆ!” ಜನ ಚಪ್ಪಾಳೆ ತಟ್ಟಿದರು.

ಅಲ್ಲಿಂದ ಮುಂದೆ ಚನ್ನರಾಯಪ್ಪನವರು ಬೀಗರಿಗೆ ಪ್ಲಾಟ್‌ಫಾರಂ ಬರುವ ಜಾಗ, ನೀರಿನ ನಲ್ಲಿ ಬರುವ ಜಾಗ, ಮಾವು ಟೊಮೇಟೊ ಇಳಿಸುವ ಜಾಗಗಳನ್ನು ಒಂದೊಂದಾಗಿ ತೋರಿಸಿದರು. ಜೊತೆಯಲ್ಲಿದ್ದ ತರುಣನನ್ನು ಸಾಹೇಬರ ಜವಾನನೆಂದು ಬಗೆದು ಸೀನನು ಅವನ ಕೈಗೆ ಟೇಪಿನ ಒಂದು ತುದಿ ಕೊಟ್ಟು, “ಹಿಡ್ಕೊಳಪ್ಪಾ, ಬೇಲಿ ಆಚೆಗೆ ಹೋಗು, ಇನ್ನೂ ಆಚೆಗೆ” ಎಂದು ಮುಳ್ಳಿನೊಳಕ್ಕೆ ಕಳುಹಿಸಿದನು. ಆ ತರುಣನೇ ವರ ಚಂದ್ರು. ಹೆಣ್ಣು ನೋಡಲು ಬಂದವನನ್ನು ಈ ಊರಿನಲ್ಲಿ ಹೀಗೆ ಪರೀಕ್ಷಿಸುವರೇನೋ ಎಂದುಕೊಂಡು ಅವನು ಹೊಸ ಪ್ಯಾಂಟನ್ನು ಮುಳ್ಳಿಗೆ ಒಪ್ಪಿಸಿ, ಟೇಪನ್ನು ಬಿಗಿಯಾಗಿ ಹಿಡಿದು ನಿಂತನು.

“ಎಲ್ಲಾ ಸರಿ, ಮನೆ ಕಡೆ ಹೋಗೋಣ್ವಾ?” ಎಂದು ವೆಂಕಟರಮಣಪ್ಪನವರು ಬಿಸಿಲಿಗೆ ಸೋತು ಕೇಳಿದರು.

“ಮನೆ ಎಲ್ಲಿ ಹೋಗುತ್ತೆ ಸ್ವಾಮಿ? ಇನ್ನೂ ಸಿಗ್ನಲ್ ಜಾಗ ನೋಡ್ಲಿಲ್ಲ ತಾವು!”

ಇತ್ತ ಮನೆಯಲ್ಲಿ ನಡೆದುದನ್ನು ಚನ್ನರಾಯಪ್ಪನವರು ಆಮೇಲೆ ಕೇಳಿ ತಿಳಿದರು. ಜೀಪೊಂದು ಬಾಗಿಲಿಗೆ ಬಂದು ನಿಂತಿತು. ರೇಷ್ಮೆ ಸೀರೆಯ ಗಂಭೀರ ಹೆಂಗಸೊಬ್ಬರು, ಅಚ್ಚುಕಟ್ಟಾದ ಒಬ್ಬ ತರುಣ, ಒಬ್ಬ ಡ್ರೈವರು ಇಳಿದರು. ಹಾಲ್ಟಿನ ದಾರಿ ಕೇಳಲು ಬಂದಿದ್ದ ರೈಲ್ವೆ ಅಧಿಕಾರಿ ಶಾಮಲಮ್ಮನವರು ಅವರು. ತರುಣನು ಇಂಜಿನಿಯರು ವೇಣುಗೋಪಾಲ್. ಊರಿನವರು ಕಾಯುತ್ತಿದ್ದುದು ಸಾಹೇಬರನ್ನು. ಸಾಹೇಬರು ಸೀರೆ ಉಟ್ಟು ಬರುವರೆಂಬ ಕಲ್ಪನೆ ನರಿಬಂಡೆಹಳ್ಳಿಯ ಯಾರ ತಲೆಗೂ ಹೊಳೆದಿರಲಿಲ್ಲ. ಅವರು ಬಾಯಿ ತೆರೆಯುವ ಮುನ್ನವೇ ಭಾರತಮ್ಮನವರು ಆರತಿ ಎತ್ತಿದರು.

“ಅಮ್ಮಾ, ನಾವು...”

“ಏನೂ ಹೇಳ್ಬೇಡಿ ತಾಯಿ. ಕಾಲು ತೊಳ್ಕೊಳಿ.”

“ಆದ್ರೆ ನಾವು ಜಾಗ...”

“ಜಾಗ ಬೇಕಾದಷ್ಟೈತೆ, ಕೂತ್ಕೊಳಿ.”

ನೂರಾರು ಊರು ತಿರುಗಿದ ಶಾಮಲಮ್ಮನವರು, ಹಟ ಹಿಡಿದ ಗೃಹಿಣಿಯ ಮುಂದೆ ಇಲಾಖೆ ನಿಲ್ಲಲಾರದೆಂದು ಅರಿತವರು. ಕುಳಿತರು. ಅರ್ಪಿತ ಕಾಫಿ ತಂದಳು. ಹುಡುಗಿಯ ಕೊರಳಲ್ಲಿ ಕಾರ್ಖಾನೆಯ ಗುರುತಿನ ಚೀಟಿಯ ಪಟ್ಟಿ ಇನ್ನೂ ಇತ್ತು. ಬೆಳಗಿನ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದಳು. ಶಾಮಲಮ್ಮನವರು ಕುತೂಹಲದಿಂದ ಕೇಳಿದರು:

“ದಿನಾ ಕೆಲಸಕ್ಕೆ ಹೇಗೆ ಹೋಗ್ತೀಯಮ್ಮಾ?”

ಭಾರತಮ್ಮನವರ ಕಣ್ಣು ತುಂಬಿ ಬಂತು. ಲೋಕದ ಅತ್ತೆಯರು 'ಅಡುಗೆ ಬರುತ್ತಾ?' ಎಂದು ಕೇಳುವರು. ಈ ಪುಣ್ಯವತಿ ದಾರಿಯ ಕಷ್ಟ ಕೇಳುತ್ತಿದ್ದಾಳೆ!

ಅರ್ಪಿತ ಎಲ್ಲವನ್ನೂ ಹೇಳಿದಳು. ಕತ್ತಲಲ್ಲೇ ಎದ್ದು ರಸ್ತೆಯವರೆಗೆ ನಡೆಯುವುದು, ಬಸ್ಸಿನ ಮೆಟ್ಟಿಲಲ್ಲಿ ನೇತಾಡಿ ಕೋಲಾರ ಸೇರುವುದು, ಅಲ್ಲಿಂದ ವೇಮಗಲ್ಲಿಗೆ ಇನ್ನೊಂದು ಬಸ್ಸು. ತನ್ನಂತೆಯೇ ಹೋಗುವ ಹುಡುಗಿಯರು ಸುತ್ತಲ ಯಾವ ಯಾವ ಹಳ್ಳಿಯವರು. ಬಸ್ಸು ತಪ್ಪಿ ಕೆಲಸ ಬಿಟ್ಟವರು ಯಾರು. ಕಾಲೇಜು ಬಿಟ್ಟವರು ಯಾರು. “ರೈಲು ನಮ್ಮ ಮುಂದೇನೇ ಹೋಗುತ್ತೆ ಮೇಡಂ. ಕಿಟಕೀಲಿರೋರ ಮುಖ ಕಾಣುತ್ತೆ. ಹತ್ತೋಕಾಗಲ್ಲ.”

ಶಾಮಲಮ್ಮನವರು ವೇಣುಗೋಪಾಲನ ಮುಖ ನೋಡಿದರು. ಬಾಗಿಲ ಮರೆಯಲ್ಲಿದ್ದ ದೊಡ್ಡಮುನಿಯಮ್ಮನವರು, “ಅತ್ತೇನೂ ಮಗನೂ ಕಣ್ಣಲ್ಲೇ ಮಾತಾಡ್ಕೊಂಡ್ರು. ಒಪ್ಪಿಗೆ ಆಯ್ತು ಕಣೇ ಭಾರತಿ” ಎಂದು ತೀರ್ಪು ಕೊಟ್ಟರು.

ಅಷ್ಟರಲ್ಲಿ ಬೆವರು ಸುರಿಸುತ್ತ ಚನ್ನರಾಯಪ್ಪನವರ ತಂಡ ಬಂತು. ಭಾರತಮ್ಮನವರು, “ಬೀಗರು ಬಂದವ್ರೆ” ಎಂದು ಪಿಸುಗುಟ್ಟಿದರು. “ಸಾಹೇಬ್ರೂ ಬಂದವ್ರೆ” ಎಂದು ಇವರೂ ಪಿಸುಗುಟ್ಟಿದರು. ಒಂದೇ ಪಂಕ್ತಿಯಲ್ಲಿ ಬೀಗರಿಗೂ ಭಾರತ ಸರ್ಕಾರಕ್ಕೂ ಎಲೆ ಹಾಕಿಸುವ ಯೋಗ ಎಷ್ಟು ಜನಕ್ಕೆ ಕೂಡಿಬರುತ್ತದೆ? ಚನ್ನರಾಯಪ್ಪನವರು ಪಂಕ್ತಿಯ ತಲೆಯಲ್ಲಿ ನಿಂತು ಎಲ್ಲರನ್ನೂ ಒಮ್ಮೆ ನೋಡಿ ಶಲ್ಯ ಸರಿಪಡಿಸಿಕೊಂಡರು.

ಒಬ್ಬಟ್ಟು ಬಂತು, ಹಿತಕಿದ ಅವರೆಕಾಳಿನ ಸಾರು ಬಂತು, ಮುದ್ದೆ ಬಂತು. ಕೇಳಬಾರದೆಂಬುದು ಪದ್ಧತಿ, ನೋಡಬಾರದೆಂದು ಎಲ್ಲಿಯೂ ಇಲ್ಲ. ತುಪ್ಪದ ಗಿಂಡಿ ಹಿಡಿದ ದೊಡ್ಡಮುನಿಯಮ್ಮನವರು ವೇಣುಗೋಪಾಲನ ಮುಂದೆ ಬಗ್ಗಿ ನಿಂತು ಅವನ ದವಡೆಯನ್ನೇ ನೋಡಿದರು.

“ಅಯ್ಯೋ ದೇವುಡಾ! ಮುದ್ದೆ ಅಗೀತಾನೆ ಕಣೇ!” ಎಂದು ನಾದಿನಿಯ ಕಿವಿಯಲ್ಲಿ, ಆದರೆ ಊರಿಗೆಲ್ಲ ಕೇಳುವಂತೆ ಹೇಳಿದರು. “ಆ ಜವಾನ ಹುಡುಗನ್ನ ನೋಡು, ಹರಕಲು ಪ್ಯಾಂಟಿನೋನ್ನ. ಉಂಡೆ ಮಾಡಿ ಎಷ್ಟು ಲಕ್ಷಣವಾಗಿ ನುಂಗ್ತಾನೆ! ಇಂಥೋನು ಸಿಕ್ಕಬಾರದಾಗಿತ್ತಾ ನಮ್ಮ ಹುಡುಗಿಗೆ?”

ಅರ್ಪಿತ ಸೆರಗಿಲ್ಲದ ಚೂಡಿದಾರದಲ್ಲಿ ಮುಖ ಮುಚ್ಚಿಕೊಳ್ಳಲು ಏನೂ ಸಿಗದೆ ಅಡುಗೆಮನೆಗೆ ಓಡಿದಳು.

ಆಗ ವೇಣುಗೋಪಾಲನ ಫೋನು ಹೊಡೆದುಕೊಂಡಿತು. ಅವನು ಎಡಗೈಯಿಂದ ಕಿವಿಗಿಟ್ಟು, “ಊಟ ಮಾಡ್ತಿದೀನಿ ಕಣೇ. ಪಾಪು ಹಾಲು ಕುಡಿದ್ಲಾ?” ಎಂದನು.

ತುಪ್ಪದ ಧಾರೆ ಅರ್ಧದಲ್ಲಿ ನಿಂತಿತು. ನಾಲ್ಕು ತಲೆಮಾರಿನಿಂದ ಮುರಿಯದಿದ್ದ ಪದ್ಧತಿಯನ್ನು ದೊಡ್ಡಮುನಿಯಮ್ಮನವರು ಒಂದೇ ಉಸಿರಿಗೆ ಮುರಿದರು.

“ಯಾರಪ್ಪಾ ಅದು ಫೋನಲ್ಲಿ?”

“ನನ್ನ ಹೆಂಡ್ತಿ ಅಜ್ಜಿ.”

“ಹೆಂಡ್ತೀನಾ!”

ಗಿಂಡಿ ಉರುಳಿತು. ಭಾರತಮ್ಮನವರು ಸೌಟನ್ನೆತ್ತಿ ಶಾಮಲಮ್ಮನವರ ಕಡೆಗೆ ತಿರುಗಿದರು. “ಏನ್ರೀ ಅಮ್ಮಾ, ಹೆಂಡ್ತಿ ಮಗು ಇರೋ ಮಗನ್ನ ಕರ್ಕೊಂಡು ಹೆಣ್ಣು ನೋಡೋಕೆ ಬಂದಿದ್ದೀರಲ್ಲ, ನಿಮಗೆ ದೇವರು ಒಳ್ಳೇದು ಮಾಡ್ತಾನಾ?”

“ಹೆಣ್ಣಾ? ಯಾವ ಹೆಣ್ಣು? ಇವರು ನನ್ನ ಮಗ ಅಲ್ಲ, ನಮ್ಮ ಇಂಜಿನಿಯರ್ರು! ನಾವು ರೈಲ್ವೆಯೋರು, ಹಾಲ್ಟ್ ಜಾಗ ನೋಡೋಕೆ ಬಂದಿರೋದು!”

ಚನ್ನರಾಯಪ್ಪನವರು ನಿಧಾನವಾಗಿ, ಬಹಳ ನಿಧಾನವಾಗಿ, ಹಾರ ಹಾಕಿಕೊಂಡೇ ಉಣ್ಣುತ್ತಿದ್ದ ಸ್ಥೂಲಕಾಯದವರ ಕಡೆಗೆ ತಿರುಗಿದರು.

“ಹಂಗಾದ್ರೆ... ತಾವು?”

“ನಾನು ಮಾಲೂರಿನ ವೆಂಕಟರಮಣಪ್ಪ ಸ್ವಾಮಿ! ಹೆಣ್ಣು ನೋಡೋಕೆ ಬಂದಿರೋದು ನಾನು! ಬೆಳಗ್ಗೆಯಿಂದ ಬರೀ ಗೋಡೆ ತೋರಿಸ್ತಾ ಇದ್ದೀರಲ್ಲ ನೀವು!”

ಸೀನನು ಕಂಬಕ್ಕೊರಗಿ ಹೊಟ್ಟೆ ಹಿಡಿದುಕೊಂಡು ನಕ್ಕನು. ಆದರೆ ಆ ನಗೆ ಬಹಳ ಹೊತ್ತು ಉಳಿಯಲಿಲ್ಲ. ಶಾಮಲಮ್ಮನವರು ಎಲೆಯಿಂದ ಕೈ ತೆಗೆದು ನೆಟ್ಟಗೆ ಕುಳಿತಿದ್ದರು, ಮುಖ ಬಿಗಿದಿತ್ತು.

“ಇದು ಸರಿಯಾಗ್ಲಿಲ್ಲ ಯಜಮಾನ್ರೇ. ಇದು ನಿಲ್ದಾಣ ಕೇಳೋರ ಮನೆ ಅಂತ ನನಗೆ ಗೊತ್ತಾಗಿದ್ದೇ ಈಗ. ನಿಲ್ದಾಣ ಕೇಳಿದೋರ ಮನೇಲಿ ನಾನು ಇದುವರೆಗೂ ಒಂದು ಲೋಟ ನೀರು ಕುಡಿದೋಳಲ್ಲ. ಒಬ್ಬಟ್ಟು ತಿಂದು ಹೋಗಿ ಹಾಲ್ಟ್ ಕೊಡಿ ಅಂತ ನಾನು ಬರೆದ್ರೆ, ಅದಕ್ಕೇನಂತಾರೆ? ಇನ್ನು ಈ ಜಾಗದ ವಿಚಾರದಲ್ಲಿ ನಾನು ಬಾಯಿ ತೆರೆಯೋ ಹಾಗಿಲ್ಲ. ವೇಣು, ಏಳಿ.”

ರೈಲು ಅಂಗಳದವರೆಗೆ ಬಂದು, ಒಬ್ಬಟ್ಟಿನ ಮೇಲೆ ಕಾಲಿಟ್ಟು ಜಾರಿ, ವಾಪಸ್ಸು ಹೊರಟಿತ್ತು. ಸೀನನು ಮಾವನ ಮುಖ ನೋಡಿದನು. ಗೆದ್ದ ಪಂದ್ಯ ಕಣ್ಣೆದುರಿಗಿದ್ದರೂ ಅವನ ಮುಖದಲ್ಲಿ ಈಗ ಗೆಲುವು ಇರಲಿಲ್ಲ.

ಚನ್ನರಾಯಪ್ಪನವರು ಬೇಡಲಿಲ್ಲ, ಕಾಲು ಹಿಡಿಯಲೂ ಇಲ್ಲ. ಬಾಗಿಲಿಗೆ ಅಡ್ಡಲಾಗಿ ನಿಂತು, ನೆಟ್ಟಗಾಗಿ ಹೇಳಿದರು:

“ತಾಯಿ, ಒಂದು ಮಾತು ಕೇಳ್ತೀನಿ, ಹೇಳಿ ಹೋಗಿ. ನೀವು ಕಾಲಿಟ್ಟಾಗ ನೀವು ಯಾರು ಅಂತ ಈ ಮನೇಲಿ ಯಾರಾದ್ರೂ ಕೇಳಿದ್ರಾ?”

“ಇಲ್ಲ. ಹೇಳೋಕೂ ಬಿಡ್ಲಿಲ್ಲ.”

“ಅಧಿಕಾರಿ ಅಂತ ಗೊತ್ತಿದ್ದು ಹಾಕಿದ್ರೆ ಅದು ಲಂಚ. ಗೊತ್ತಿಲ್ದೆ ಹಾಕಿದ್ರೆ ಅದು ಅನ್ನ. ನಮ್ಮ ಮುತ್ತಜ್ಜ ಈ ಪದ್ಧತಿ ಮಾಡಿದ್ದೇ ಅದಕ್ಕೆ. ಅಧಿಕಾರಿ ಅಂದ್ಕೊಂಡು ನಾನು ಹಾರ ಹಾಕಿದ್ದು, ವಾಲಗ ಊದಿಸಿದ್ದು, ಕಾಕಾ ಹಿಡಿದಿದ್ದು ಎಲ್ಲಾ ಇಲ್ಲಿ ಕೂತಿರೋ ಈ ಇಟ್ಟಿಗೆ ಯಜಮಾನ್ರಿಗೆ. ಲಂಚ ತಗೊಂಡಿದ್ರೆ ಅವರು ತಗೊಂಡಿರೋದು, ನೀವಲ್ಲ!”

ವೆಂಕಟರಮಣಪ್ಪನವರು ತಕ್ಷಣ ಹಾರ ತೆಗೆದು ಎಲೆಯ ಪಕ್ಕಕ್ಕಿಟ್ಟರು.

ಶಾಮಲಮ್ಮನವರ ತುಟಿಯ ಕೊನೆ ಅಲುಗಿತು. ತಡೆಯಲು ನೋಡಿದರು, ಆಗಲಿಲ್ಲ. ಆ ಗಂಭೀರ ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕ ನಗೆಗೆ, ಡ್ರೈವರನೂ ಸೇರಿ ಇಡೀ ಪಂಕ್ತಿಯೇ ನಕ್ಕಿತು.

“ಸರಿ,” ಎಂದು ಅವರು ಕಣ್ಣೊರೆಸಿಕೊಂಡರು. “ನಡೆದಿದ್ದನ್ನ ನಡೆದ ಹಾಗೇ, ಒಬ್ಬಟ್ಟಿನ ಸಮೇತ ಮೇಲಿನವರಿಗೆ ಹೇಳ್ತೀನಿ. ಆಮೇಲೆ ಅವರ ಇಷ್ಟ. ಆದ್ರೆ ನಾನು ತಿಳ್ಕೊಳ್ಳೋಕೆ ಬಂದಿದ್ದು ಒಂದೇ. ನಿಲ್ಲಿಸಿದ್ರೆ ಹತ್ತೋರು ಯಾರು ಅಂತ. ಅದನ್ನ ನಿಮ್ಮ ಮೊಮ್ಮಗಳು ಆಗ್ಲೇ ಹೇಳಿದ್ದಾಳೆ. ನೀವು ಭಾಷಣ ಮಾಡಿದ್ರೂ ಇಷ್ಟು ಚೆನ್ನಾಗಿ ಹೇಳ್ತಿರ್ಲಿಲ್ಲ.”

ಆ ಕೊನೆಯ ಮಾತು ತಮಗೆ ಕೇಳಿಸಲೇ ಇಲ್ಲವೆಂದು ಚನ್ನರಾಯಪ್ಪನವರು ಇಂದಿಗೂ ಸಾಧಿಸುತ್ತಾರೆ. ಅಡುಗೆಮನೆಯ ಬಾಗಿಲಲ್ಲಿ ಅರ್ಪಿತ ನಗುತ್ತಿದ್ದಳು.

“ನನಗೆ ಮೊದ್ಲೇ ಅನುಮಾನ ಬಂತು ತಾತ. ಮುಳಬಾಗಿಲಿನೋರು ನನ್ನ ಫೋನಿಗೆ ಕಳಿಸಿದ್ದ ಫೋಟೋದಲ್ಲಿದ್ದ ಹುಡುಗನೇ ಬೇರೆ.”

“ಮತ್ತೆ ಬಾಯಿ ಬಿಡ್ಬಾರ್ದೇನೇ?”

“ಊಟ ಆಗೋವರೆಗೂ ಯಾರನ್ನೂ ಕೇಳ್ಬಾರ್ದು ಅಂತ ಯಾವಾಗ್ಲೂ ಹೇಳೋನು ಯಾರು?” ಎಂದು ಹೇಳಿ, ಹರಕಲು ಪ್ಯಾಂಟಿನ ಜವಾನನ ಕಡೆಗೆ ಕಳ್ಳನೋಟ ಬೀರಿದಳು. ಜವಾನನು ಇನ್ನೊಂದು ಮುದ್ದೆ ಹಾಕಿಸಿಕೊಂಡನು.

ತಾಂಬೂಲ ಕೈಗೆ ಬಂದ ಮೇಲೆ ಚನ್ನರಾಯಪ್ಪನವರು ಶಾಮಲಮ್ಮನವರನ್ನು ಜಗುಲಿಯ ಮೂಲೆಗೆ ಕರೆದು ಮೆಲ್ಲಗೆ ಕೇಳಿದರು: “ತಾಯಿ, ಆ ಕಾಯ್ದೇಲಿ... ಹಿಂದುಗಡೆ ಪುಟದಲ್ಲಿ... ನಮ್ಮೂರಿನ ಹೆಸರು ಏನಾದ್ರೂ?”

“ಇಲ್ಲ ಯಜಮಾನ್ರೇ. ಅದರಲ್ಲಿ ಯಾವ ಊರಿನ ಹೆಸರೂ ಇಲ್ಲ.”

“ಯಾವ ಊರಿಂದೂ ಇಲ್ವಾ?” ಚನ್ನರಾಯಪ್ಪನವರ ಮುಖ ಅರಳಿತು. “ಹಂಗಾದ್ರೆ ಬೇರೆಯೋರನ್ನ ಹಾಕಿ ನಮ್ಮನ್ನ ಬಿಟ್ಟಿಲ್ಲ ಅಂದಂಗಾಯ್ತು!” ಎಂದು ಸೀನನಿಗೆ ಕೇಳುವಷ್ಟು ಗಟ್ಟಿಯಾಗಿ ಘೋಷಿಸಿದರು.

ವೆಂಕಟರಮಣಪ್ಪನವರು ಹೊರಡುವ ಮುನ್ನ ಚನ್ನರಾಯಪ್ಪನವರ ಬೆನ್ನನ್ನೊಮ್ಮೆ ಗೆಣ್ಣಿನಿಂದ ತಟ್ಟಿ ನೋಡಿದರು. “ಟೊಳ್ಳಲ್ಲ. ಬೀಗತನ ಆಗಬಹುದು,” ಎಂದರು. ಮದುವೆಯ ನಂತರವೂ ಹುಡುಗಿ ಕೆಲಸಕ್ಕೆ ಹೋಗುವ ವಿಚಾರ ಬಂದಾಗ, “ರೈಲು ಬರೋ ಹಂಗೆ ಮಾಡಿದ ಹುಡುಗೀನ ಮನೇಲಿ ಕೂರ್ಸೋಕಾಗುತ್ತಾ?” ಎಂದುಬಿಟ್ಟರು.

ಮುಂದಿನ ಮಾವಿನ ಸುಗ್ಗಿಗೆ ಪ್ರಾಯೋಗಿಕ ನಿಲುಗಡೆಯ ಆದೇಶ ಬಂತು. ಮೊದಲ ದಿನ ಬೆಳಿಗ್ಗೆ ಕ್ಯಾಲನೂರಿನವರು, ಮುಳಬಾಗಿಲಿನ ಬಂಧುಗಳು, ಶ್ರೀನಿವಾಸಪುರದ ಮಾವಿನ ಮಂಡಿಯವರು ಎಲ್ಲ ನೆರೆದರು. ದೂರದ ತಿರುವಿನಲ್ಲಿ ಬಂಡಿ ಕಾಣಿಸಿತು, ಕೂಗಿತು, ಹತ್ತಿರ ಬಂತು. ಚಕ್ರಗಳು ಕಿರುಗುಟ್ಟಿ, ಆ ಉದ್ದನೆಯ ಬಂಡಿ ಇಟ್ಟಿಗೆಯ ಕೋಣೆಯ ಮುಂದೆ, ತಲೆಬಾಗಿದ ಆನೆಯಂತೆ, ಪೂರ್ತಿಯಾಗಿ ನಿಂತಿತು. ಎದ್ದ ಕೇಕೆಗೆ ಸುತ್ತಲ ಬಂಡೆಗಳು ಮರುದನಿಗೊಟ್ಟವು. ಡೈರಿಯ ದೊಡ್ಡ ಕ್ಯಾನಿನಲ್ಲಿ ಪಾನಕ ತುಂಬಿಸಿಕೊಂಡು ಬಂದಿದ್ದ ಸೀನನು ಮೊದಲ ಲೋಟವನ್ನು ಮಾವನ ಕೈಗಿತ್ತು, “ಕುಡಿ ಮಾವ, ಗೆದ್ದುಬಿಟ್ಟೆ” ಎಂದನು. ದೊಡ್ಡಮುನಿಯಮ್ಮನವರು ಬಂಡಿಗೆ ಆರತಿ ಎತ್ತಿ, ಕುಂಕುಮ ಹಚ್ಚಿ, “ಊಟ ಮಾಡ್ಕೊಂಡು ಹೋಗು” ಎಂದು ಡ್ರೈವರನನ್ನು ಬಲವಂತ ಮಾಡತೊಡಗಿದಾಗ ಗಾರ್ಡು ಗಾಬರಿಯಿಂದ ಹಸಿರು ಬಾವುಟ ಬೀಸಿದನು.

ಅರ್ಪಿತ ಗೆಳತಿಯರ ಹಿಂಡಿನೊಂದಿಗೆ ಹತ್ತಿದಳು. ಅವಳನ್ನು ಮದುವೆಯಾಗಿ, ಹಬ್ಬಕ್ಕೆಂದು ಅವಳೊಂದಿಗೆ ಮಾವನ ಮನೆಗೆ ಬಂದಿದ್ದ ಚಂದ್ರುವೂ, ಮೊದಲ ಪ್ರಯಾಣ ತಮ್ಮದೇ ಆಗಬೇಕೆಂದು ಹಟ ಹಿಡಿದ ಚನ್ನರಾಯಪ್ಪನವರೂ ಹತ್ತಿದರು. ಕಿಟಕಿಯ ಪಕ್ಕದ ಜಾಗವನ್ನು ಯಾರೋ ಎದ್ದು ಬಿಟ್ಟುಕೊಟ್ಟರು. ಬಂಡಿ ಹೊರಟಿತು. ಅವರು ಬೀಗರೂಟದ ವೃತ್ತಾಂತವನ್ನು ಆರಂಭಿಸಿದರು. ಅಕ್ಕಪಕ್ಕದವರು ವಾಲಿದರು, ಮುಂದಿನವರು ಹಿಂದೆ ತಿರುಗಿದರು, ಕಡಲೆಕಾಯಿ ಮಾರುವವನು ಬುಟ್ಟಿ ಇಳಿಸಿ ಕುಳಿತನು. ತುಪ್ಪದ ಗಿಂಡಿ ಉರುಳುವಲ್ಲಿಗೆ ಇಡೀ ಬೋಗಿ ಬಿದ್ದು ಬಿದ್ದು ನಕ್ಕಿತು. ಕಥೆ ಮುಗಿಯುವುದಕ್ಕೂ ಕೋಲಾರ ಬರುವುದಕ್ಕೂ ಸರಿಹೋಯಿತು. ಅರ್ಪಿತ ಇಳಿದು ವೇಮಗಲ್ಲಿನ ಬಸ್ಸಿಗೆ ಓಡಿದಳು. ಚನ್ನರಾಯಪ್ಪನವರೂ ಇಳಿಯಲೆಂದು ಶಲ್ಯ ಹೊದ್ದು ಎದ್ದರು.

ಚಂದ್ರು ಅವರ ಕೈ ಹಿಡಿದು ಮತ್ತೆ ಕೂರಿಸಿದನು.

“ಕೂತ್ಕೊಳಿ ತಾತ. ನಾನು ಬಂಗಾರಪೇಟೆವರೆಗೂ ಟಿಕೆಟ್ ತಗೊಂಡಿದ್ದೀನಿ. ಮೊದಲಿಂದ ಇನ್ನೊಂದ್ಸಲ ಹೇಳಿ.”